ಗೋವಾಕ್ಕೆ ಬಂದ ಗಂಗಚಿಕ್ಕಮ್ಮ

ಗಂಗಚಿಕ್ಕಮ್ಮನ ಎಡಗೈ ಎಂದೂ ಪೂರ್ತಿ ಬಿಚ್ಚಿಕೊಂಡಿರುತ್ತಿರಲಿಲ್ಲ. ಬೆರಳುಗಳು ಒಳಕ್ಕೆ ಬಾಗಿ, ಅಂಗೈ ಒಂದು ಸಣ್ಣ ಬಟ್ಟಲಿನ ಹಾಗೆ ಇರುತ್ತಿತ್ತು. ದಿನಾ ಬೆಳಿಗ್ಗೆ ಆ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ನೋಡುತ್ತ ಕೂತು ಕೂತು ಹಾಗಾಗಿದೆ ಎಂದು ಚಿಕ್ಕವಳಿದ್ದಾಗ ನಾನು ನಂಬಿದ್ದೆ. ಆಮೇಲೆ ಅಮ್ಮ, ಅದು ಎಳೆತನದಲ್ಲಿ ಬಿಸಿ ಎಣ್ಣೆ ಬಿದ್ದು ಸೆಟೆದದ್ದು ಎಂದಳು. ಇನ್ನೊಮ್ಮೆ ಅದೇ ಅಮ್ಮ, ಯಾರ ಕೈ, ಗಂಗನದಾ, ಚೆನ್ನಾಗೇ ಇತ್ತಲ್ಲ ಎಂದಳು. ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ಕಾಲೇಜಿನ ದಿನಗಳಿಂದ ದಿನಚರಿ ಬರೆಯುವವಳು. ಆದರೆ ಗೋವಾದ ಆ ದಿನಗಳಿಗೆ ಪುಟಗಳು ಖಾಲಿ ಇವೆ. ತೊಡೆಯ ಮೇಲೆ ಮಗುವಿದ್ದಾಗ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಸಮುದ್ರದ ಬಣ್ಣ ಹೇಗಿತ್ತು, ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆಲ್ಲ ನಾನು ಆಣೆ ಹಾಕಲಾರೆ. ಆಡಿದ ಮಾತುಗಳಿಗೆ ಹಾಕಬಲ್ಲೆ, ಹೆಚ್ಚುಕಮ್ಮಿ.

ಚಿಕ್ಕಮ್ಮ ಅಮ್ಮನ ತಂಗಿ. ಅಜ್ಜಂಪುರದ ಪೇಟೆಯಲ್ಲಿ ಅವಳ ಗಂಡನದು ಹಗ್ಗ, ಗೋಣಿಚೀಲಗಳ ಅಂಗಡಿ. ಚಿಕ್ಕಪ್ಪ ಬೇಗ ತೀರಿಕೊಂಡರು, ಮಕ್ಕಳಿರಲಿಲ್ಲ. ಅಂಗಡಿ ಮುಚ್ಚುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದಾಗ ಅವಳು ಹೋಗಿ ಗಲ್ಲಾದ ಹಿಂದೆ ಕೂತಳು. ಸುಳ್ಳು ಹೇಳಲು ಬಾರದ ಹೆಂಗಸು ವ್ಯಾಪಾರ ಹೇಗೆ ಮಾಡುತ್ತಾಳೆ ಎಂದು ನಮ್ಮ ಅಜ್ಜ ನಗುತ್ತಿದ್ದರು. ರಜೆಯಲ್ಲಿ ನಾನು ಅಲ್ಲಿದ್ದಾಗ ಕಂಡದ್ದು: ಒಬ್ಬ ರೈತ ಹೊಳೆಯುವ ಹಗ್ಗವೊಂದನ್ನು ಆರಿಸಿ ಮುಂದಿಟ್ಟ.

"ಅದು ಬ್ಯಾಡ ಕಣಪ್ಪ. ನೋಡಾಕೆ ಚೆಂದಾಗೈತೆ, ಒಂದು ಮಳೆ ಬಿದ್ರೆ ಬಿಚ್ಕೋತದೆ."

"ಮತ್ಯಾಕವ್ವ ಇಟ್ಕಂಡಿದೀಯ?"

"ನಂಗೆ ಕೊಟ್ಟೋನು ಸುಳ್ಳೇಳಿ ಕೊಟ್ಟ. ನಾನೂ ಸುಳ್ಳೇಳಿ ನಿನ್ ಎತ್ತಿನ್ ಕೊರಳಿಗೆ ಕಟ್ಲಾ?"

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅಷ್ಟೆ. ಉಪ್ಪಿಟ್ಟು ನಾನೇ ಮಾಡಿದ್ದು ಎಂದು ಅಮ್ಮ ಹೇಳುತ್ತಿದ್ದಂತೆ ಚಿಕ್ಕಮ್ಮ ಮೂಲೆಯಿಂದ, "ಇಲ್ಲ ಕಣ್ರೀ, ನಾ ಮಾಡಿದ್ದು. ಇವಳಿಗೆ ಓದಾದು ಬತ್ತದೆ, ಒಲೆ ಹಚ್ಚಾದು ಬರಲ್ಲ" ಅಂದಳು. ಅಮ್ಮ ಬಹಳ ದಿನ ಅವಳ ಜೊತೆ ಮಾತು ಬಿಟ್ಟಳು. ನನ್ನ ಗಂಡ ಲೋಕೇಶ ಇವತ್ತಿಗೂ ಹೇಳುವುದು, ಆ ಮಾತು ಕೇಳಿಯೇ ತಾನು ಒಪ್ಪಿದ್ದು ಎಂದು.

ಅವಳಿಗೆ ಒಂದೇ ಒಂದು ಕಟ್ಟುನಿಟ್ಟು ಇತ್ತು. ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ ಅವಳ ಎದೆಯ ಮೇಲಿರುತ್ತಿತ್ತು. ಪೂಜೆ ಆಗದೆ ಅವಳು ನೀರು ಮುಟ್ಟುತ್ತಿರಲಿಲ್ಲ. ಲಿಂಗ ಕಳೆದುಹೋದರಂತೂ ಮಠಕ್ಕೆ ಹೋಗಿ ಗುರುಗಳ ಕೈಯಿಂದ ಮತ್ತೊಂದನ್ನು ಪಡೆಯುವ ತನಕ ಬಾಯಿಗೆ ಏನೂ ಹೋಗಬಾರದು ಎಂಬುದು ಅವಳು ತನ್ನ ಅಜ್ಜಿಯಿಂದ ಕಲಿತ ಪಾಠ. ನಮ್ಮ ಮನೆತನಗಳಲ್ಲಿ ಈಗ ಹೀಗಿರುವವರು ಕಡಿಮೆ. ನನ್ನ ಲಿಂಗ ಬೀರುವಿನಲ್ಲಿದೆ.

ಗೋವಾದ ಮಾತು ತೆಗೆದವರು ಲೋಕೇಶನ ಕಡೂರಿನ ಗೆಳೆಯರು. ಗಂಡ ಹೆಂಡತಿ ಮಾತ್ರ, ಮಕ್ಕಳು ಬೇಡ ಎಂದು ತೀರ್ಮಾನವಾಗಿತ್ತು. ನಮ್ಮ ಮಗಳು ಚುಕ್ಕಿಗೆ ಆಗ ಎರಡು ತುಂಬಿರಲಿಲ್ಲ. ಇನ್ನೂ ಮೊಲೆಹಾಲು ಬಿಟ್ಟಿರಲಿಲ್ಲ. ಯಗಟಿಯಲ್ಲಿದ್ದ ಅತ್ತೆ, "ಇಲ್ಲೇ ಬಿಟ್ಟೋಗು" ಎಂದರು. ನನಗೆ ಆಗಲಿಲ್ಲ. ಕರೆದುಕೊಂಡೇ ಹೋಗುವುದಾದರೆ ಬರುತ್ತೇನೆ ಎಂದೆ.

ಗೆಳೆಯ ಉಮೇಶ ಮನೆಗೇ ಬಂದು ಕೂತ. "ಅತ್ಗೆ, ಅಲ್ಲೇನು ಅಂಗನವಾಡಿ ಐತಾ? ಬೀಚು, ಬಾರು, ಅಷ್ಟೇಯ. ಮಗೂಗೂ ಬೋರು, ನಮ್ಗೂ ಬೋರು."

ಯಾವುದೋ ಮದುವೆಗೆಂದು ಕಡೂರಿಗೆ ಬಂದು ನಮ್ಮಲ್ಲಿ ಉಳಿದಿದ್ದ ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು.

"ನಾನೂ ಬತ್ತೀನಿ. ಮಗೂನ ನಾ ಹಿಡ್ಕಂತೀನಿ."

"ಅಜ್ಜಿ, ಅದು ಗೋವಾ" ಎಂದ ಉಮೇಶ.

"ಆಗ್ಲಿ ಬಿಡು. ಕುಡಿಯೋರು ಕುಡೀಲಿ, ಕುಣಿಯೋರು ಕುಣೀಲಿ. ನನ್ ತೊಡೆ ಖಾಲಿ ಐತೆ, ಮಗು ಅಲ್ಲಿರ್ತದೆ."

ಉಮೇಶ ಫೋನು ತೆಗೆದು ಟೆಂಪೋದಲ್ಲಿ ಇನ್ನೊಂದು ಸೀಟು ಹೇಳಿದ.

ಹೊರಟ ದಿನ ಅವಳು ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು ತರೀಕೆರೆ ಬಸ್ ಸ್ಟ್ಯಾಂಡಿನ ಮುಂದೆ ನಮ್ಮ ಟೆಂಪೋಗೆ ಕಾಯುತ್ತಿದ್ದಳು. ಹಸಿರು ಸೀರೆ, ಕಾಲಿಗೆ ಹೊಸ ಚಪ್ಪಲಿ, ಕೈಯಲ್ಲಿ ಎರಡು ಚೀಲ. ಒಂದರ ತುಂಬ ಮಗುವಿಗೆ ರಾಗಿ ಸರಿಹಿಟ್ಟು, ಸಣ್ಣ ಪಾತ್ರೆ, ಚಮಚ.

"ಗೋವಾಕ್ಕೆ ರಾಗಿನಾ ಅಜ್ಜಿ?" ಎಂದ ಉಮೇಶ.

"ನಿನ್ ಬಾಟ್ಲಿ ನಿನ್ ಚೀಲ್ದಾಗೆ, ನನ್ ರಾಗಿ ನನ್ ಚೀಲ್ದಾಗೆ. ಇಬ್ರೂ ಸುಮ್ನಿರಾಣ ಕಣೋ."

ದಾರಿಯಲ್ಲೇ ಚಿಕ್ಕಮ್ಮನಿಗೂ ಚುಕ್ಕಿಗೂ ಒಂದು ಆಟ ಶುರುವಾಯಿತು. ಅಜ್ಜಿಗೊಂದು, ಚುಕ್ಕಿಗೊಂದು. ಅವಳು ಒಂದು ಚಮಚ ತಿಂದು ಬಾಯಿ ತೆರೆದು ತೋರಿಸಬೇಕು, ಆಮೇಲೆ ಮಗು ತಿನ್ನುತ್ತಿತ್ತು. ನನ್ನ ಕೈಯಿಂದ ತುತ್ತಿಗೆ ಅಳುತ್ತಿದ್ದ ಮಗು ಅವಳೆದುರು ಬಟ್ಟಲು ಮುಗಿಸುತ್ತಿತ್ತು.

ನಾವಿಳಿದುಕೊಂಡ ಜಾಗ ಮಕ್ಕಳಿಗಾಗಿ ಮಾಡಿದ್ದಲ್ಲ. ಈಜುಕೊಳದ ಬಳಿ ದೊಡ್ಡವರಿಗೆ ಮಾತ್ರ ಎಂದು ಬರೆದಿತ್ತು. ಊಟದ ಜಾಗದಲ್ಲಿ ಮಗು ಕೂರುವ ಕುರ್ಚಿ ಇರಲಿಲ್ಲ. ಬಾರಿನ ಎತ್ತರದ ಸ್ಟೂಲುಗಳಿದ್ದವು. ಒಬ್ಬ ವೇಟರ್ ಪಾಪ, ಕಾಕ್‌ಟೇಲ್ ಲೋಟಕ್ಕೆ ಸಿಕ್ಕಿಸುವ ಕಾಗದದ ಕೊಡೆಯನ್ನು ಚುಕ್ಕಿಗೆ ತಂದುಕೊಟ್ಟ. ಅವಳು ಅದನ್ನು ತಿಂದಳು. ಕತ್ತಲಾಗುವ ಮುಂಚೆಯೇ ಡಿಜೆ ಶುರುವಾಗಿ ಗೋಡೆ ಅದುರತೊಡಗಿತು. ಮಗು ಹೇಗೆ ಮಲಗೀತು ಎಂದು ನಾನು ಕೋಣೆಗೆ ಓಡಿದರೆ, ಚಿಕ್ಕಮ್ಮ ಅವಳನ್ನು ಹೆಗಲಿಗೆ ಹಾಕಿಕೊಂಡು ಅದೇ ಸದ್ದಿಗೆ ಸರಿಯಾಗಿ ಬೆನ್ನು ತಟ್ಟುತ್ತ ಓಡಾಡುತ್ತಿದ್ದಳು.

"ಇವ್ರೇ ತಾಳ ಹಾಕ್ತವ್ರೆ. ನಂಗೆ ಹಾಡೋದೊಂದೇ ಕೆಲ್ಸ. ನೀ ಹೋಗು, ನಿನ್ ಗಂಡನ್ ಜತೆ ಕೂತ್ಕ."

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ, ಮಗುವಿನೊಡನೆ ರಾಗಿ ಸರಿ ತಿಂದು ಅವಳು ನಮ್ಮ ಜೊತೆ ದಂಡೆಗೆ ಬಂದಳು. ಅವಳು ಸಮುದ್ರ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿ, "ಆಚೆ ದಡ ಇಲ್ಲದ್ದು ನೋಡಾಕೆ ಒಂಥರಾ ಆಯ್ತದೆ" ಎಂದಳು. ಮಗು ಅವಳ ಬೆರಳು ಬಿಡಿಸಿಕೊಂಡು ನೀರಿನ ಕಡೆ ಓಡಿದ್ದು ಆಗಲೇ. ನಾವು ಏಳುವಷ್ಟರಲ್ಲಿ ಅಲೆ ಬಂತು. ಚಿಕ್ಕಮ್ಮ ಸೀರೆಯ ಸಮೇತ ಒಳಗೆ ನುಗ್ಗಿ ಮಗುವನ್ನು ಬಾಚಿ ಎತ್ತಿದಳು. ಇನ್ನೊಂದು ಅಲೆ ಇಬ್ಬರನ್ನೂ ಕೆಡವಿತು. ಲೋಕೇಶ ಎಳೆದು ತಂದ. ಮಗು ಉಪ್ಪುನೀರು ಕಾರಿ ಜೋರಾಗಿ ಅತ್ತಿತು. ಚಿಕ್ಕಮ್ಮ ಅಳಲಿಲ್ಲ. ಕೈ ಎದೆಯ ಮೇಲಿಟ್ಟುಕೊಂಡು ನೀರನ್ನೇ ನೋಡುತ್ತಿದ್ದಳು. "ಮಗೂ ತಲೆ ಒರ್ಸು" ಎಂದಳು, ಅಷ್ಟೆ. ಶಿವದಾರ ಹರಿದು ಲಿಂಗ ಸಮುದ್ರಕ್ಕೆ ಹೋಗಿತ್ತು. ಅದನ್ನು ಅವಳು ಆಗ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನಕ್ಕೆ ಮಗುವಿಗೆ ವಾಂತಿ ಹತ್ತಿತು, ಭೇದಿಯೂ ಸೇರಿಕೊಂಡಿತು. ಮೊಲೆಯನ್ನೂ ಒಲ್ಲದೆ ಮುಖ ತಿರುಗಿಸಿತು. ಕಡೂರಿನ ನಮ್ಮ ಡಾಕ್ಟರಿಗೆ ಫೋನು ಮಾಡಿದೆವು. ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಲೇ ಇರಿ, ಕುಡಿಯದಿದ್ದರೆ ತಡಮಾಡದೆ ಅಲ್ಲೇ ಆಸ್ಪತ್ರೆಗೆ ಸೇರಿಸಿ ಎಂದರು. ಲೋಕೇಶ ಪ್ಯಾಕೆಟ್ಟು ತಂದ. ಮಗು ಬಾಯಿ ಬಿಡಲಿಲ್ಲ. ಮೂಗು ಹಿಡಿದು ಹಾಕಿದ್ದನ್ನು ಉಗುಳಿತು. ತುಟಿ ಒಣಗಿ, ಕಣ್ಣು ಗುಳಿ ಬಿದ್ದಿದ್ದವು. ಅದು ಚಮಚವನ್ನು ತಳ್ಳಿ ತಳ್ಳಿ ಒಂದೇ ಮಾತು ಹೇಳುತ್ತಿತ್ತು: "ಅಜ್ಜಿ. ಅಜ್ಜಿ ಮೊದ್ಲು."

"ಚಿಕ್ಕಮ್ಮ, ಒಂದು ಗುಟುಕು ಕುಡಿ. ನೀ ಕುಡಿದ್ರೆ ಕುಡೀತಾಳೆ."

ಅವಳು ಚಮಚವನ್ನು ತುಟಿಯ ಹತ್ತಿರ ತಂದು ಕುಡಿದ ಹಾಗೆ ಮಾಡಿದಳು. ಮಗು ಬಗ್ಗಿ ನೋಡಿತು. ಚಮಚ ತುಂಬಿಯೇ ಇತ್ತು. ಮತ್ತೆ ಅಳು.

"ಏನಾಗಿದೆ ನಿಂಗೆ?" ಎಂದೆ. ಸಿಟ್ಟಿನಿಂದಲೇ ಕೇಳಿರಬೇಕು.

"ಲಿಂಗ ಹೋಯ್ತು ಕಣೇ."

ಕೋಣೆಯಲ್ಲಿದ್ದ ಉಮೇಶ, ಅವನು ಕೆಟ್ಟವನಲ್ಲ, "ಎಲ್ಲಾದ್ರೂ ವಿಚಾರ್ಸಿ ಒಂದು ಹೊಸಾದು ತರಾಣ ಬಿಡಜ್ಜಿ" ಎಂದ.

"ಅಂಗ್ಡೀಲಿ ಸಿಗಾದಲ್ಲಪ್ಪ. ಗುರು ಕೊಡ್ಬೇಕು."

ಲೋಕೇಶ ಟೆಂಪೋ ತರಿಸುತ್ತೇನೆ, ಮಗುವನ್ನು ಆಸ್ಪತ್ರೆಗೆ ತೋರಿಸಿ ಅಲ್ಲಿಂದಲೇ ಊರಿಗೆ ಹೊರಡೋಣ ಎಂದ. ಟೆಂಪೋ ಬರುವುದಕ್ಕೇ ಒಂದು ಗಂಟೆ ಬೇಕು, ಊರು ತಲುಪುವುದಕ್ಕೆ ಒಂದು ಇಡೀ ದಿನ. ಚಿಕ್ಕಮ್ಮ ಮಗುವಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ಬಿಟ್ಟಳು. ಅದು ಎತ್ತಿದ ಹಾಗೇ ನಿಂತು ನಿಧಾನಕ್ಕೆ ಇಳಿಯಿತು, ಮೈಯಲ್ಲಿ ನೀರಿರಲಿಲ್ಲ. ಅವಳು ಎದ್ದು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಚೀಲದಿಂದ ವಿಭೂತಿ ತೆಗೆದು ಹಚ್ಚಿಕೊಂಡು ಬಂದು ನೆಲದ ಮೇಲೆ ನೆಟ್ಟಗೆ ಕೂತಳು.

"ಕೊಡು ಇಲ್ಲಿ."

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಕಂಡದ್ದೆಷ್ಟು, ಆಮೇಲೆ ಕೂಡಿಸಿದ್ದೆಷ್ಟು ಎಂದು ಬಿಡಿಸಲಾರೆ. ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮುಚ್ಚಿದ ಪುಟ್ಟ ಮುಷ್ಟಿಯನ್ನು ತನ್ನ ಎಡ ಅಂಗೈಯೊಳಗೆ ಇಟ್ಟುಕೊಂಡಳು. ಅದನ್ನೇ ನೋಡಿದಳು. ದಿನಾ ಬೆಳಿಗ್ಗೆ ಎಷ್ಟು ಹೊತ್ತು ನೋಡುತ್ತಿದ್ದಳೋ ಅಷ್ಟು ಹೊತ್ತು, ಅಥವಾ ನನಗೆ ಹಾಗನ್ನಿಸಿತು. ಹೊರಗೆ ಕೊಳದ ಹತ್ತಿರ ಯಾರೋ ನಗುತ್ತಿದ್ದರು. ಮಗು ಅಳು ನಿಲ್ಲಿಸಿ ಅವಳ ಹಣೆಯನ್ನು ನೋಡುತ್ತಿತ್ತು. ಆಮೇಲೆ ಅವಳು ಚಮಚ ಎತ್ತಿ ಕುಡಿದಳು, ಬಾಯಿ ತೆರೆದು ತೋರಿಸಿದಳು.

"ಅಜ್ಜಿದಾಯ್ತು. ಈಗ ಚುಕ್ಕಿದು."

ಮಗು ಕುಡಿಯಿತು. ಬಟ್ಟಲು ಬರಿದಾಗುವ ತನಕ ಇಬ್ಬರೂ ಕುಡಿದರು. ಸಂಜೆಗೆ ಮಗು ಉಚ್ಚೆ ಹೊಯ್ದಾಗ ಉಮೇಶನ ಹೆಂಡತಿ ಅತ್ತುಬಿಟ್ಟಳು.

ಮುಷ್ಟಿಯ ವಿಷಯ ಲೋಕೇಶ ಒಪ್ಪುವುದಿಲ್ಲ. "ನೀರು ಕುಡಿದ್ರು, ಅಷ್ಟೇ. ಮಗು ಕೈ ಹಿಡ್ಕೊಂಡಿದ್ರು, ಎಲ್ರೂ ಹಿಡ್ಕೊಳ್ಳೋ ಹಾಗೆ" ಎನ್ನುತ್ತಾನೆ. ಅವನು ಸರಿಯಿರಬಹುದು. ಅವನು ಆಗ ಬಾಗಿಲ ಹತ್ತಿರ ಫೋನಿನಲ್ಲಿದ್ದ ಎಂದು ನನ್ನ ನೆನಪು. ಪಕ್ಕದಲ್ಲೇ ಇದ್ದೆ ಎಂದು ಅವನದು.

ಮಾರನೆಯ ಬೆಳಿಗ್ಗೆಯೇ ಎಲ್ಲರೂ ಹೊರಟೆವು. ಇನ್ನೂ ಒಂದು ದಿನಕ್ಕೆ ಹಿಡಿದಿದ್ದ ಕೋಣೆಗಳನ್ನು ಉಮೇಶನೇ ಬಿಟ್ಟುಕೊಟ್ಟ. ದಾರಿಯಲ್ಲಿ ಮಗುವಿಗೆ ಬೇಕಾದಾಗ ಮಾತ್ರ ಅವಳು ಚಮಚ ಮುಟ್ಟಿದಳು. ಮಗು ಮಲಗಿದಾಗ ನಾನು ಎಳನೀರು ಕೊಟ್ಟರೆ ಬೇಡವೆಂದು ಕಿಟಕಿಯ ಕಡೆ ತಿರುಗಿದಳು. ಶಿವಮೊಗ್ಗ ದಾಟಿದ ಮೇಲೆ ಒಮ್ಮೆ, "ನಮ್ಮಜ್ಜಿ ಇದ್ದಿದ್ರೆ ನನ್ನ ಒಳಕ್ಕೆ ಸೇರಿಸ್ತಿರಲಿಲ್ಲ" ಎಂದಳು. ಬೇಸರದಲ್ಲಿ ಹೇಳಿದಳೋ ಸುಮ್ಮನೆ ಹೇಳಿದಳೋ ಗೊತ್ತಾಗಲಿಲ್ಲ. ತರೀಕೆರೆಯಲ್ಲಿ ಅಮ್ಮ ಕಾಯುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಆಟೋ ಹತ್ತಿ ಮಠಕ್ಕೆ ಹೋದರು. ನಾನು ಮಗುವನ್ನೆತ್ತಿಕೊಂಡು ಕಡೂರಿಗೆ ಬಂದೆ.

ಆಮೇಲೆಯೂ ಅವಳು ಹಾಗೇ ಇದ್ದಳು. ಅಂಗಡಿ, ಪೂಜೆ, ಎದುರಿಗೇ ಹೇಳುವ ಮಾತು. ಆ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊನೆಯ ಸಲ ನೋಡಿದ್ದು ಹೋದ ವರ್ಷ, ಅಜ್ಜಂಪುರದಲ್ಲಿ. ಬಡವಾಗಿದ್ದಳು. ಶಾಲೆಗೆ ಹೋಗುವ ಚುಕ್ಕಿ ಗೋಣಿಚೀಲಗಳ ರಾಶಿಯ ಮೇಲೆ ಹತ್ತಿ ಇಳಿದು ಮಾಡುತ್ತಿದ್ದಳು. ಅವಳಿಗೆ ಗೋವಾ ನೆನಪಿಲ್ಲ. ಫೋಟೋ ನೋಡಿ ನೆನಪಿದೆ ಎನ್ನುತ್ತಾಳೆ. ಚಿಕ್ಕಮ್ಮ ನನ್ನ ಮುಖ ನೋಡಿ, "ಏನೋ ಕೇಳ್ಬೇಕು ಅಂತ ಬಂದೀಯ, ಕೇಳ್ತಿಲ್ಲ" ಎಂದಳು. ಏನಿಲ್ಲ ಎಂದೆ. "ಹಂಗಾರೆ ಊಟಕ್ಕೇಳು" ಎಂದಳು. ಮಳೆ ಹಿಡಿಯುವ ಮುಂಚೆ ತೀರಿಕೊಂಡಳು.

ಮಠದೊಳಗೆ ಅವಳ ಪಕ್ಕದಲ್ಲಿ ಕೂತಿದ್ದವಳು ಅಮ್ಮ ಒಬ್ಬಳೇ. ಗುರುಗಳು ಏನೋ ಕೇಳಿದರು, ಗಂಗ ಏನೋ ಹೇಳಿದಳು, ಅವರು ಹೊಸ ಲಿಂಗ ಕಟ್ಟಿದರು ಎಂದಷ್ಟೇ ಅಮ್ಮ ಇಷ್ಟು ವರ್ಷ ಹೇಳಿದ್ದು. ಗುರುಗಳು ಕೇಳಿದ್ದೇನು ಎಂದು ಮೊನ್ನೆ ನಾನು ಪಟ್ಟು ಹಿಡಿದಾಗ ಅದೊಂದನ್ನು ಹೇಳಿದಳು: ಲಿಂಗವಿಲ್ಲದ ಹೊತ್ತಿನಲ್ಲಿ ಬಾಯಿಗೆ ಏನಾದರೂ ಹಾಕಿಕೊಂಡೆಯಾ ತಾಯಿ ಎಂದು ಕೇಳಿದರಂತೆ. ಚಿಕ್ಕಮ್ಮ ಹೌದು ಎಂದಿದ್ದರೆ, ಅವಳು ಅದನ್ನು ತಪ್ಪೆಂದೇ ಹೊತ್ತುಕೊಂಡು ಬದುಕಿದಳು. ಇಲ್ಲ ಎಂದಿದ್ದರೆ, ಸುಳ್ಳು ಹೇಳಲು ಬಾರದ ಅವಳಿಗೆ ಆ ಹೊತ್ತು ಲಿಂಗ ಕೈಯಲ್ಲೇ ಇತ್ತು, ಮಗುವಿನ ಮುಷ್ಟಿಯಾಗಿ. ಅಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. "ಸತ್ತೋಳ ಮಾತು ನಿಂಗ್ಯಾಕೆ" ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಹೊಸಿಲ ಬಳಿ ನಿಂತು ಇನ್ನೊಮ್ಮೆ ಕೇಳಿದೆ:

"ಅಮ್ಮ, ಅದಕ್ಕೆ ಚಿಕ್ಕಮ್ಮ ಏನಂದ್ಲು?"