ಚಂದ್ರಿಯ ಮೇಲಿನ ಹೊಟ್ಟೆಕಿಚ್ಚು

ಓರಗಿತ್ತಿಯ ಸೀರೆಯ ಮೇಲೆ, ಜೊತೆಗಾರರ ಬಡ್ತಿಯ ಮೇಲೆ ಹೊಟ್ಟೆಕಿಚ್ಚುಪಟ್ಟವರನ್ನು ನೀವು ಕಂಡಿರುತ್ತೀರಿ. ನಾನು ಹೊಟ್ಟೆಕಿಚ್ಚುಪಟ್ಟದ್ದು ನಮ್ಮ ಮನೆಯ ಎಮ್ಮೆಯ ಮೇಲೆ. ಅದರ ಹೆಸರು ಚಂದ್ರಿ. ಬಣ್ಣದಲ್ಲಿ ಅಪ್ಪಟ ಅಮಾವಾಸ್ಯೆ. ಹೆಸರಿಟ್ಟವರು ನಮ್ಮ ಅತ್ತೆ.

ನನ್ನ ಮಗಳು ನೀಲಾಳಿಗೆ ಈಗ ಒಂಬತ್ತು ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ಗದ್ದಲ ಆಗದು, ಯಾರಾದರೂ ಹಠಾತ್ತನೆ ಮುಟ್ಟಿದರೆ ಮೈಯೆಲ್ಲ ಬಿಗಿಯಾಗುತ್ತದೆ. ನಾನೋ ದುಮ್ಮವಾಡದ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಮಾತೇ ನನ್ನ ಕಸುಬು. "ನೀಲಾ, ಇಲ್ಲಿ ನೋಡು. ಅವ್ವಾ ಅನ್ನು. ಇದಕ್ಕೇನಂತಾರ, ಹೇಳು" ಎಂದು ಮನೆಯಲ್ಲೂ ಪಾಠ. ಅವಳು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪಾಠ ಸಾಲದೆಂದು ನಾನು ದನಿ ಏರಿಸುತ್ತಿದ್ದೆ.

ಹೋದ ವರ್ಷ ಪಕ್ಕದ ಮನೆಯಲ್ಲಿ ಮದುವೆ. ನಮ್ಮ ಬಾಗಿಲೆದುರೇ ಬ್ಯಾಂಡು ಶುರುವಾಯಿತು. ನೀಲಾ ಚೀರುತ್ತ ತಲೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದಳು. ತಬ್ಬಿಕೊಳ್ಳಲು ಹೋದೆ, ಕೈ ಕಚ್ಚಿ ಹಿತ್ತಲಿಗೆ ಓಡಿದಳು. ಹಿಂದೆಯೇ ಓಡಿ ನೋಡುತ್ತೇನೆ, ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಚಂದ್ರಿಯ ಹೊಟ್ಟೆಗೆ ಕೆನ್ನೆಯೊತ್ತಿ ಕೂತಿದ್ದಾಳೆ. ಎಮ್ಮೆ ಉಸಿರೆಳೆದಾಗ ಅವಳ ತಲೆ ಮೇಲೆ, ಬಿಟ್ಟಾಗ ಕೆಳಗೆ. ಸ್ವಲ್ಪ ಹೊತ್ತಿಗೆ ಬಿಕ್ಕು ನಿಂತು ಅವಳ ಉಸಿರೂ ಅದೇ ಲಯಕ್ಕೆ ಬಂತು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಚ್ಚಿಸಿಕೊಂಡ ಕೈ ಹಿಡಿದುಕೊಂಡು, ಹೆತ್ತವಳು ನಾನಿರುವಾಗ ಒರಗಲು ಇದು ಬೇಕಾಯಿತೇ ಎಂದುಕೊಂಡೆ.

ಎಮ್ಮೆಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುತ್ತವೆ ಎಂದು ನಮ್ಮ ವಿಜ್ಞಾನದ ಮಾಸ್ತರರು ಕಲಿಸುತ್ತಾರೆ. ಅಷ್ಟು ಜಾಗವಿದ್ದೂ ಚಂದ್ರಿ ಒಂದರಲ್ಲೂ ಕಿಚ್ಚು ಇಟ್ಟುಕೊಂಡಿಲ್ಲ. ನನಗಿರುವುದು ಒಂದೇ ಕೋಣೆ. ಅದರ ತುಂಬ ಅದೇ.

ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಎಮ್ಮೆಯ ಮೇಲೆ ದೂರು ಹೇಳಿದೆ. ಅವರು ನಕ್ಕರು. "ಎಲ್ಲಾ ಮಕ್ಕಳಿಗೂ ಹಿಂಗ ಆಗತೈತಿ ಅಂತಲ್ರಿ ಟೀಚರ್. ಕೆಲವ್ರಿಗೆ ಪ್ರಾಣಿ ಬಾಜೂಕ ಇದ್ರ ಭಾಳ ಸಮಾಧಾನ. ಅದು ಏನೂ ಕೇಳೂದಿಲ್ಲ, ಮುಖಾ ನೋಡು ಅನ್ನೂದಿಲ್ಲ. ನೀವು ಹತ್ತಿರ ಇದ್ದು ನೋಡ್ಕೋರಿ, ಆದ್ರ ತಡೀಬ್ಯಾಡ್ರಿ."

ತಡೆದೆ. ಸೆಗಣಿ, ಉಣ್ಣೆಹುಳ, ಸೋಂಕು ಎಂದು ಮರ್ಯಾದಸ್ಥ ಕಾರಣಗಳನ್ನು ಹೇಳಿ ಕೊಟ್ಟಿಗೆಗೆ ಚಿಲಕ ಹಾಕಿದೆ. ಎರಡು ದಿನ ನೀಲಾ ಆ ಬಾಗಿಲಿಗೇ ಕೆನ್ನೆಯೊತ್ತಿ ಕೂತಳು. ರೊಟ್ಟಿ ಮುಟ್ಟಲಿಲ್ಲ. ಮೂರನೆಯ ದಿನ ಅತ್ತೆ ಬಂದು ಚಿಲಕ ತೆಗೆದರು.

"ಎಮ್ಮಿ ಮ್ಯಾಲೆ ಹೊಟ್ಟಿಕಿಚ್ಚೇನ ಬೇ ನಿನಗ?"

"ಹೌದ್ರೀ ಅತ್ತಿ," ಎಂದೆ. ಹೇಳಿದ ಮೇಲೆ ಅಳು ಬಂತು. "ನನ್ನ ಬಾಜೂಕ ಒಮ್ಮಿನೂ ಹಂಗ ಬಂದು ಕುಂತಿಲ್ರಿ ಆಕಿ."

"ನೀ ಎಲ್ಲಿ ಕೂಡ್ತಿ ಬೇ? ಕುಂತ್ರೂ ನಿನ್ನ ಬಾಯಿ ಕೂಡೂದಿಲ್ಲ. ಸುಮ್ನ ಕುಂತು ನೋಡು."

ಅಂದಿನಿಂದ ಸಂಜೆ ಶಾಲೆಯಿಂದ ಬಂದವಳು ಕೊಟ್ಟಿಗೆಯಲ್ಲಿ, ಅವರಿಬ್ಬರಿಂದ ಒಂದು ಮಾರು ದೂರದಲ್ಲಿ, ಸುಮ್ಮನೆ ಕೂಡತೊಡಗಿದೆ. ಮೊದಲ ವಾರ ನಾಲಿಗೆ ತುರಿಸುತ್ತಿತ್ತು. ನೀಲಾ ನನ್ನತ್ತ ನೋಡಲಿಲ್ಲ. ಚಂದ್ರಿ ಮಾತ್ರ ನೋಡಿತು, ಹೊಸದಾಗಿ ವರ್ಗವಾಗಿ ಬಂದ ಟೀಚರನ್ನು ಹಳಬರು ನೋಡುವ ಹಾಗೆ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಅತ್ತೆ ಚಂದ್ರಿಯನ್ನು ಕೆರೆಗೆ ಹೊಡೆದುಕೊಂಡು ಹೋಗಿದ್ದರು. ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನೀಲಾ ಹಿಂದೆ ಮುಂದೆ ತೂಗುತ್ತ ನಿಂತಿದ್ದಳು. ನಾನು ಕರೆಯಲಿಲ್ಲ. ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಬಹಳ ಹೊತ್ತಿನ ಮೇಲೆ ಅವಳು ಬಂದು, ಮುಖ ಬೇರೆ ಕಡೆ ಮಾಡಿ, ನನ್ನ ಪಕ್ಕೆಗೆ ಒರಗಿದಳು. ನಾನು ಉಸಿರನ್ನು ಆದಷ್ಟು ನಿಧಾನ ಮಾಡಿದೆ. ತೋಳು ಜೋಮು ಹಿಡಿಯಿತು, ಅಲುಗಾಡಲಿಲ್ಲ.

ಚಂದ್ರಿ ತಿರುಗಿ ಬಂದ ಕೂಡಲೇ ನೀಲಾ ಎದ್ದು ಅದರ ಹತ್ತಿರ ಹೋದಳೆನ್ನಿ. ನನ್ನ ಆ ಒಂದು ಕೋಣೆಯಲ್ಲಿ ಮತ್ತೆ ಕಿಚ್ಚು ಹತ್ತಿತು. ಈಗ ಕೆರೆಗೆ ಹೋಗುವ ಹೊತ್ತಿಗೆ ಎಮ್ಮೆಯ ಹಗ್ಗವನ್ನು ನಾನೇ ಬಿಚ್ಚಿಕೊಡುತ್ತೇನೆ. ಎಷ್ಟು ಹೊತ್ತು ಬೇಕಾದರೂ ನೀರಲ್ಲಿ ಬಿದ್ದುಕೊಂಡಿರಲಿ ಎಂದು ಅತ್ತೆಗೆ ಹೇಳಿ ಕಳಿಸುತ್ತೇನೆ. ಪಾಪ, ಬಿಸಿಲು ಬಹಳ.