ಒಳಕೋಣೆಯ ಪುಂಡಿ

ಬೆಳ್ಳುಳ್ಳಿ ಒಗ್ಗರಣೆಗೆ ಪುಂಡಿ ಪಲ್ಯ ಬಿದ್ದ ವಾಸನೆ ಪಕ್ಕದ ಮನೆಯಿಂದ ಬಂದರೆ ನನ್ನ ಕೈಗೆಲಸ ಅಲ್ಲಿಗೇ ನಿಲ್ಲುತ್ತದೆ. ಇವತ್ತೂ ನಿಂತಿತು. ನೀವು ಪುಂಡಿ ಕಂಡವರೋ ಇಲ್ಲವೋ ಗೊತ್ತಿಲ್ಲ. ಹುಳಿ ಸೊಪ್ಪು, ಎಲೆ ಬೆರಳು ಚಾಚಿದ ಅಂಗೈಯ ಹಾಗೆ ಸೀಳಿರುತ್ತದೆ. ನಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಅದಿಲ್ಲದಿದ್ದರೆ ಊಟಕ್ಕೆ ಕೂತವರ ಮುಖವೇ ಹುಳ್ಳಗಾಗುತ್ತದೆ.

ಹೊಸ ಶತಮಾನ ಬಂದ ಹೊಸತು. ಕುಷ್ಟಗಿಯಲ್ಲಿ ಅಪ್ಪನ ಅಕ್ಕನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಅತ್ತೆ ಅಳವಂಡಿಯ ತವರಿನಿಂದ ತಂದ ಕೆಂಪು ದಂಟಿನ ಪುಂಡಿಯನ್ನು ವರ್ಷವರ್ಷವೂ ಬಿತ್ತಿ, ಬೀಜ ಮಾಡಿ, ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಡುತ್ತಿದ್ದಳು. ತವರಲ್ಲಿ ಆ ತಳಿ ಆಗಲೇ ಅಳಿದಿತ್ತು. ಆ ಸಲ ಬೀದಿಯ ಆಡೊಂದು ಹಿತ್ತಿಲಿಗೆ ನುಗ್ಗಿ ಮಡಿಯನ್ನೆಲ್ಲ ಬೋಳಿಸಿತು. ಗಡಿಗೆಯ ಬೀಜವೆಲ್ಲ ಬಿತ್ತಿಯಾಗಿತ್ತು, ಉಳಿದದ್ದು ಒಂದೇ ಗಿಡ. ಅತ್ತೆ ಅದನ್ನು ಎಣ್ಣೆ ಡಬ್ಬಿಗೆ ಎತ್ತಿ ಒಳಕೋಣೆಗೆ ತಂದಳು. ಥಂಡಿಗೆ ಕಾಯಿ ಬಲಿಯುವುದಿಲ್ಲವೆಂದು ಕಿಟಕಿಗೆ ಗೋಣಿಚೀಲ ಕಟ್ಟಿದಳು, ಕರೆಂಟಿದ್ದಷ್ಟು ಹೊತ್ತೂ ನೂರರ ಬಲ್ಬು ಹಚ್ಚಿದಳು. ಓದುವ ನನಗೆ ನಲವತ್ತರದು.

"ಪಲ್ಯಕ್ಕ ಎರಡು ಎಲಿ ಹರೀಲೇನ್ ಅತ್ತಿ?"

"ಕೈ ಮುರೀತೀನಿ ನೋಡ! ಎಲಿ ಹೋದ್ರ ಕಾಯಿಗೆ ಏನ್ ಉಣಸ್ಲಿ?"

ಮುಂದಿನ ಕೋಣೆಗೆ ಮೈಸೂರು ಕಡೆಯ ಬ್ಯಾಂಕಿನ ಸಾಹೇಬರು ಬಾಡಿಗೆಗೆ ಬಂದಿದ್ದರು. ಎಳೆ ವಯಸ್ಸು, ದಪ್ಪ ಕನ್ನಡಕ. ಒಂದು ದಿನ ಬಾಗಿಲ ಸಂದಿಯಲ್ಲಿ ಅವರಿಗೆ ಸೀಳೆಲೆಯ ಗಿಡ, ಮುಚ್ಚಿದ ಕಿಟಕಿ, ಹಗಲಲ್ಲೂ ಉರಿಯುವ ಬಲ್ಬು ಕಂಡವು. ಪೇಪರಿನಲ್ಲಿ ಗಾಂಜಾದ ಚಿತ್ರ ನೋಡಿದ್ದವರು, ನೆಟ್ಟಗೆ ಠಾಣೆಗೆ ಹೋಗಿ ದೂರು ಕೊಟ್ಟು ಬಂದರು.

ಸಂಜೆ ಬಂದ ಜಮಾದಾರರು ಗಿಡ ನೋಡಿ ನಗು ತಡೆಯಲು ಮೀಸೆ ತಿರುವಿದರು. "ಪುಂಡಿ ಐತ್ರೀ ಸಾಹೇಬ್ರ. ನಮ್ಮ ಮನ್ಯಾಗೂ ಮಾಡ್ತಾರ."

"ಸೊಪ್ಪಾದರೆ ಇಷ್ಟು ಗುಟ್ಟಾಗಿ ಯಾಕೆ ಬೆಳೀತಾರೆ?" ಸಾಹೇಬರು ಬಗ್ಗಲಿಲ್ಲ.

ಜಮಾದಾರರು ಅತ್ತೆಯ ಕಡೆ ತಿರುಗಿದರು. "ದೂರು ಕೊಟ್ಟಾರ ಯಕ್ಕಾ, ನಾ ಏನ್ ಮಾಡ್ಲಿ? ಕಿತ್ತು ಠಾಣೆಗೆ ಒಯ್ದು ತೋರಸಬೇಕಾಗತೈತಿ."

ಕಾಯಿ ಇನ್ನೂ ಹಸಿರು. ಕಿತ್ತರೆ ತಳಿ ಅಲ್ಲಿಗೆ ಮುಗಿಯಿತು. ಒಂದಕ್ಕೆ ಎರಡು ಮಾತಾಡುವ ಅತ್ತೆ ಗಿಡದ ಮುಂದೆ ಕೂತು, ತುದಿಯ ಒಂದೆರಡು ಬಿಟ್ಟು, ಎಲೆಯನ್ನೆಲ್ಲ ತಾನೇ ಹರಿದು ಒಗ್ಗರಣೆಗೆ ಹಾಕಿದಳು.

"ಕುಂಡರ್ರಿ ಇಬ್ರೂ. ಉಂಡು ನೋಡ್ರಿ, ಆಮ್ಯಾಲ ಕೀಳ್ರಿ."

ಸಾಹೇಬರು ಮೊದಲ ತುತ್ತಿಗೇ ಕಣ್ಣು ಮುಚ್ಚಿದರು, ಅಮಲಿಗಲ್ಲ, ಹುಳಿಗೆ. ಎರಡನೆಯ ರೊಟ್ಟಿ ತಾವಾಗಿ ಕೇಳಿದರು. ದೂರು ಅಲ್ಲಿಗೇ ಮುಗಿಯಿತು.

ಬೋಳುಗಿಡ ಹಟಕ್ಕೆ ಬಿದ್ದು ಒಂದಿಷ್ಟು ಕಾಯಿ ಬಲಿಸಿತು. ಸಾಹೇಬರಿಗೆ ಯಲಬುರ್ಗಾಕ್ಕೆ ವರ್ಗವಾದಾಗ ಅತ್ತೆ ಅರ್ಧ ಬೀಜ ಅವರ ಕೈಗಿಟ್ಟಳು. ನಾನು ಮುಖ ಸಿಂಡರಿಸಿದೆ.

"ಬೀಜ ಒಂದ ಮನ್ಯಾಗ ಇರಬಾರದಲೇ," ಅಂದಳು.

ಮುಂದಿನ ಮಳೆಗೆ ಅತ್ತೆಯ ಪಾಲಿನದು ಸೊಗಸಾಗಿ ಮೊಳೆಯಿತು. ಮತ್ತೆ ಅದೇ ಆಡು ಬಂತು, ಈ ಸಲ ಒಂದು ಗಿಡವನ್ನೂ ಬಿಡಲಿಲ್ಲ. ಅತ್ತೆ ಅವತ್ತು ಒಲೆ ಹಚ್ಚಲಿಲ್ಲ.

ಸುದ್ದಿ ಕೇಳಿ ದೀಪಾವಳಿಯ ಹೊತ್ತಿಗೆ ಬಾಗಿಲಲ್ಲಿ ಸಾಹೇಬರು. ಎದೆಯೆತ್ತರದ ಕೆಂಪು ದಂಟಿನ ಗಿಡವನ್ನು ಡಬ್ಬಿ ಸಮೇತ ಅವುಚಿಕೊಂಡು ಬೆವರುತ್ತಿದ್ದರು. "ಬಸ್ಸಿನಲ್ಲಿ ಎಲ್ಲರೂ ಪಲ್ಯಕ್ಕೆ ನಾಲ್ಕು ಎಲೆ ಕೊಡಿ ಅಂತ ಜೀವ ತಿಂದರು ಅಮ್ಮಾ. ಒಂದೂ ಕೊಡಲಿಲ್ಲ."

ಅತ್ತೆ ನಕ್ಕಳು, ನಗುತ್ತಲೇ ಸೆರಗು ಕಣ್ಣಿಗೊತ್ತಿಕೊಂಡಳು.

ಈಗ ಅತ್ತೆ ಇಲ್ಲ. ಈ ವರ್ಷ ನನ್ನ ಹಿತ್ತಿಲ ಪುಂಡಿ ಹುಳ ಬಿದ್ದು ಹಾಳಾಯಿತು, ಗಡಿಗೆಯೂ ಖಾಲಿ. ಬೆಳಗಿನಿಂದ ಅದಕ್ಕೇ ಮಂಕಾಗಿ ಕೂತಿದ್ದೆ. ಪಕ್ಕದ ಮನೆಯಲ್ಲಿ ಕುದಿಯುತ್ತಿರುವುದು ಹೋದ ವರ್ಷ ನಾನು ಗೊಣಗುತ್ತಲೇ ಕೊಟ್ಟ ಬೀಜದ್ದು. ಕೇಳಲು ನಾಚಿಕೆಯಾಗಬೇಕಿತ್ತು, ಯಾಕೋ ಖುಷಿಯೇ ಆಗುತ್ತಿದೆ. ಚಪ್ಪಲಿ ಮೆಟ್ಟಿದ್ದೇನೆ, ಬೀಜ ಬೇಡಲು ಹೊರಟೆ.