ನನ್ನ ಹೆಸರು ಹೇಳದ ಅಕ್ಕಾರು

ಅಕ್ಕಾರದು ಮೆಳ್ಳಗಣ್ಣು. ಎದುರಿಗೆ ಕೂತು ಮಾತಾಡುವಾಗ ಅವರ ಒಂದು ಕಣ್ಣು ನಿಮ್ಮ ಮೇಲಿದ್ದರೆ ಇನ್ನೊಂದು ಕಿಟಕಿಯಾಚೆಯ ಬೇವಿನ ಗಿಡದ ಮೇಲಿರುತ್ತಿತ್ತು. ದೊಡ್ಡವರಿಗೆ ಇದರಿಂದ ಮುಜುಗರ. ಯಾವ ಕಣ್ಣಿಗೆ ಉತ್ತರ ಕೊಡಬೇಕೆಂದು ತಿಳಿಯದೆ ನೆಲ ನೋಡುತ್ತ ಕೂಡುತ್ತಿದ್ದರು. ಮಕ್ಕಳಿಗೆ ಮಾತ್ರ ಅದೇ ಹಿತವಾಗಿತ್ತು. "ನಾ ನೋಡಾಕತ್ತೇನೋ ಇಲ್ಲೋ ಅವಕ್ಕ ಗೊತ್ತಾಗೂದಿಲ್ಲ ನೋಡ್ರಿ ಸರ, ಅದಕ್ಕ ಧೈರ್ಯ ಮಾಡಿ ಹೇಳತಾವ. ದೇವ್ರು ಈ ಕೆಲಸದ ಸಲುವಾಗೇ ಹಿಂಗ ಮಾಡಿ ಕಳಸ್ಯಾನ," ಎಂದು ತಾವೇ ನಗುತ್ತಿದ್ದರು.

ಮಕ್ಕಳ ಮತ್ತು ಅವರ ಮನೆಯವರ ಮನಸ್ಸಿನ ತೊಂದರೆಗಳನ್ನು ಕೇಳಿ, ಪುಕ್ಕಟೆಯಾಗಿ ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆ ಬೈಲಹೊಂಗಲದಲ್ಲಿತ್ತು. ಬೀಜ-ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ, ಅಷ್ಟೆ. ಅಕ್ಕಾರು ಅಲ್ಲಿಯ ಆಪ್ತಸಲಹೆಗಾರರು. ಮೊದಲು ನರ್ಸ್ ಆಗಿದ್ದರಂತೆ. ವಾರದಲ್ಲಿ ಎರಡು ದಿನ ಆ ಕೋಣೆಯಲ್ಲಿದ್ದರೆ ಉಳಿದ ದಿನ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಶಾಲೆಗಳಿಗೆ ತಿರುಗುತ್ತಿದ್ದರು. ಬಸ್ಸಿನಲ್ಲಿ ಕೂತ ಕೂಡಲೇ ಬಾಯಿ ತೆರೆದು ನಿದ್ದೆ ಹೋಗುವರು. "ಅಕ್ಕಾರ, ಏಳ್ರಿ, ಮುರಗೋಡ ಬಂತು," ಎಂದು ಕಂಡಕ್ಟರೇ ಎಬ್ಬಿಸಬೇಕು. ಡಾಕ್ಟರು ಬೇಡವೆಂದಿದ್ದ ಮಿರ್ಚಿ ಭಜಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಯಾರಾದರೂ ನೋಡಿಬಿಟ್ಟಾರೇನೋ ಎಂಬಂತೆ ಗಡಿಬಿಡಿಯಿಂದ ತಿನ್ನುವರು. ಯಾವ ಮಗುವಿನ ಹೆಸರೂ ಅವರಿಗೆ ನೆನಪುಳಿಯುತ್ತಿರಲಿಲ್ಲ. ಎಲ್ಲರೂ "ತಂಗಿ", ಎಲ್ಲರೂ "ತಮ್ಮಾ". ಆದರೆ ಆ ಮಗು ಹೇಳಿದ ಮಾತು ಒಂದೂ ಮರೆಯುತ್ತಿರಲಿಲ್ಲ. ಕೋಣೆಯಲ್ಲಿ ಮಗು ಕೂತಿದ್ದರೆ ತಮ್ಮದೇ ಬಾಗಿಲನ್ನು ತಟ್ಟಿ, "ಒಳಗ ಬರಲೇನಪಾ?" ಎಂದು ಕೇಳಿಯೇ ಒಳಗೆ ಬರುತ್ತಿದ್ದರು. ಹಾಗೆ ಕೇಳಿಸಿಕೊಂಡ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನಾನೇ ಕಂಡಿದ್ದೇನೆ.

ನಾನು ಮುರಗೋಡದ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಗಣಿತದ ಮಾಸ್ತರ. ನನ್ನ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. 'ಮಾಸ್ತರ ಮಗಳು ಅಂತ ಬಿಟ್ಟಾರ' ಎಂದು ಯಾರೂ ಅನ್ನಬಾರದೆಂದು ನಾನು ಅವಳ ಮೇಲೆ ಉಳಿದ ಮಕ್ಕಳಿಗಿಂತ ಬಿಗಿಯಾಗಿದ್ದೆ. ಅವಳು ಏಳನೇ ತರಗತಿಯಲ್ಲಿದ್ದಾಗ ಒಂದು ದಿನ ಬೋರ್ಡಿನ ಮೇಲೆ ಭಿನ್ನರಾಶಿಯ ಲೆಕ್ಕ ಬಿಡಿಸಲು ಕರೆದೆ. ತಪ್ಪಿತು. ಮತ್ತೊಮ್ಮೆ ಮಾಡು ಎಂದೆ, ಮತ್ತೆ ತಪ್ಪಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ನನ್ನನ್ನೇ ನೋಡಿ ನಕ್ಕಂತಾಯಿತು. ಕಪಾಳಕ್ಕೆ ಹೊಡೆದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. "ನೀ ನನ್ನ ಮಗಳು ಅಂತ ಹೇಳಾಕ ನಾಚಿಕಿ ಬರತೈತಿ," ಎಂದೆ, ಇಡೀ ತರಗತಿಯ ಮುಂದೆ.

ಮರುದಿನದಿಂದ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಹಾಜರಿ ಕೂಗಿದರೂ ಕೈ ಎತ್ತುವಳು, ಅಷ್ಟೆ. ಮನೆಯಲ್ಲಿ ತಾಯಿಯ ಜೊತೆ ಮಾತ್ರ, ಅದೂ ಪಿಸುಮಾತು. ಸೊಕ್ಕು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಅವಳ ಕಂಪಾಸ್ ಪೆಟ್ಟಿಗೆಯನ್ನು ತಂದು ನನ್ನ ಮುಂದೆ ತೆರೆದಳು. ಒಳಗೆ ಕೂದಲು. ಒಂದೊಂದಾಗಿ ಕಿತ್ತು ಕೂಡಿಸಿಟ್ಟ ಕೂದಲು. ಮಗಳ ನೆತ್ತಿಯ ಮೇಲೆ ಅಂಗೈಯಷ್ಟು ಜಾಗ ಬೋಳಾಗಿತ್ತು. "ನೀವು ಬರ್ರಿ, ಬಿಡ್ರಿ. ನಾ ಅಂತೂ ಅಕ್ಕಾರ ಕಡೆ ಕರಕೊಂಡ ಹೊಕ್ಕೇನಿ," ಎಂದಳು ಹೆಂಡತಿ.

ಅಕ್ಕಾರು ಪ್ರತಿ ಗುರುವಾರ ನಮ್ಮ ಶಾಲೆಗೇ ಬಂದು ಗ್ರಂಥಾಲಯದ ಕೋಣೆಯಲ್ಲಿ ಕೂಡುತ್ತಿದ್ದರು. ನಾನು ಮಗಳನ್ನು ಅಲ್ಲಿಗೆ ಕಳಿಸಲಿಲ್ಲ. ಕಣ್ಣು ತೋರಿಸಲು ಹೋಗುತ್ತೇವೆಂದು ಅಕ್ಕಪಕ್ಕದವರಿಗೆ ಹೇಳಿ, ಅವಳ ತಲೆಗೆ ಓಢಣಿ ಹೊದಿಸಿ ಬೈಲಹೊಂಗಲದ ಬಸ್ ಹತ್ತಿಸಿದೆ. ಆ ಎರಡು ಕೋಣೆಯಲ್ಲಿ ನಾನು ಆಡಿದ ಮೊದಲ ಮಾತು ಮಗಳ ಬಗ್ಗೆ ಅಲ್ಲ. "ಸಾಲ್ಯಾಗ ನಮ್ಮ ಗುರ್ತು ತೋರಿಸಬ್ಯಾಡ್ರಿ ಅಕ್ಕಾರ. ಮಂದಿ ಹುಡುಗೀಗೆ ಹುಚ್ಚು ಅಂತಾರ," ಎಂದೆ.

"ಆತ್ರಿ ಸರ. ನನ್ನ ಬಾಯಿಂದ ಯಾರಿಗೂ ಗೊತ್ತಾಗೂದಿಲ್ಲ," ಎಂದರು.

ಆ ಮಾತನ್ನು ಎಷ್ಟು ಚೆನ್ನಾಗಿ ನಡೆಸಿದರೆಂದರೆ, ಗುರುವಾರ ಶಾಲೆಯಲ್ಲಿ ಎದುರಾದಾಗ ಹೊಸಬರಿಗೆ ಮಾಡುವಂತೆ ನಮಸ್ಕಾರ ಮಾಡಿ ಮುಂದೆ ಹೋಗುವರು. ನಾನೋ, ಸಹೋದ್ಯೋಗಿಗಳ ನಡುವೆ ಕೂತು, "ಖರೇ ಗಣಿತಾ ಕಲಸಾಕ ಟೈಮ ಇಲ್ಲ, ಇನ್ನ ಮನಸಿನ ಗಣಿತಾ ಎಲ್ಲಿಂದ ಮಾಡೂದ್ರೀ?" ಎಂದು ಅವರ ಬೆನ್ನ ಹಿಂದೆ ನಗೆಯಾಡುತ್ತಿದ್ದೆ.

ನನಗೆ ಅವರು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಒಂದು ಕೆಲಸ ಹಚ್ಚಿದರು. "ದಿನಾ ಹದಿನೈದು ಮಿನಿಟ ಮಗಳ ಕೂಡ ಕುಂದರ್ರಿ. ಕಲಸಬ್ಯಾಡ್ರಿ, ತಿದ್ದಬ್ಯಾಡ್ರಿ, ಏನೂ ಕೇಳಬ್ಯಾಡ್ರಿ. ಆಕಿ ಏನ ಆಡತಾಳ ನೀವೂ ಅದನ್ನ ಆಡ್ರಿ." ಇದೆಂಥ ಔಷಧ ಎನಿಸಿತು. ಮಗಳು ಪಡಸಾಲೆಯಲ್ಲಿ ಕೂತು ಐದು ಹರಳು ತೂರಿ ಹಿಡಿಯುವ ಆಟ ಆಡುತ್ತಿದ್ದಳು. ಮೊದಲ ದಿನವೇ "ಹಂಗಲ್ಲ, ಕೈ ಕೆಳಗ ತಗೋ," ಎಂದುಬಿಟ್ಟೆ. ಹರಳು ಅಲ್ಲೇ ಬಿಟ್ಟು ಎದ್ದು ಹೋದಳು. ಹದಿನೈದು ಮಿನಿಟು ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಮೂರನೇ ವಾರದಲ್ಲಿ ನನ್ನ ಕೈಯಿಂದ ಹರಳೆಲ್ಲ ಚೆಲ್ಲಿದಾಗ ಅವಳು ನನ್ನ ಮುಖ ನೋಡದೆ, "ನಿಂಗ ಬರೂದಿಲ್ಲಪಾ. ತಡಿ, ನಾ ತೋರಿಸ್ತೇನಿ," ಎಂದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಆ ವರ್ಷ ಮುಗಿಯುವುದರೊಳಗೆ ನೆತ್ತಿಯ ಮೇಲೆ ಕೂದಲು ಬಂತು. ಮಗಳಲ್ಲಿ ತಪ್ಪಾಯಿತೆಂದು ಕೇಳಿಕೊಂಡೆನೆಂದು ನಾನು ಅಕ್ಕಾರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಭಾಳ ಚೊಲೊ ಆತ್ರಿ. ಎಲ್ಲೆ ಕೇಳಿದ್ರಿ?"

"ಮನ್ಯಾಗರಿ."

"ಹೊಡದದ್ದು ಎಲ್ಲೆ ಸರ?"

ನಾನು ಕಿಟಕಿಯಾಚೆಯ ಬೇವಿನ ಗಿಡದ ಕಡೆ ತಿರುಗಿದೆ. "ತಪ್ಪು ನಾಕು ಮಂದಿ ಮುಂದ, ಮಾಫಿ ಮನಿ ನಾಕು ಗ್ವಾಡಿ ಒಳಗ ಆದ್ರ ಹುಡುಗರಿಗೆ ಅರ್ಧಾನ ಮುಟ್ಟತೈತಿ. ನಿಮಗ ಆದಾಗ ಮಾಡ್ರಿ, ಗಡಿಬಿಡಿ ಇಲ್ಲ," ಎಂದರು. ನನಗೆ ಆಗಲೇ ಇಲ್ಲ. ಆ ತರಗತಿಯ ಮಕ್ಕಳು ಓದು ಮುಗಿಸಿ ಶಾಲೆ ಬಿಟ್ಟುಹೋದರು.

ಇದಾದ ಮೇಲೆ ನಡೆದದ್ದನ್ನು ಹೇಳಲು ನನಗೆ ಇನ್ನೂ ಹೆಚ್ಚಿನ ನಾಚಿಕೆ. ನಮ್ಮ ಶಾಲಾ ಸಮಿತಿಯ ಸದಸ್ಯರೊಬ್ಬರ ಮಗಳು ಐದನೇ ತರಗತಿಯಲ್ಲಿದ್ದಳು. ಗುರುವಾರ ತಪ್ಪದೆ ಅಕ್ಕಾರ ಬಳಿ ಹೋಗಿ ಕೂಡುವಳು. ಆ ಹುಡುಗಿ ಒಂದು ದಿನ ಬೀಗರು ಬಂದಾಗ ಎಲ್ಲರೆದುರು, "ನಮ್ಮಪ್ಪ ಅವ್ವನ್ನ ಬಡೀತಾನ," ಎಂದಳಂತೆ. ತಂದೆ ಬೆಂಕಿಯಾದರು. ಆ ವಾರವೇ ಸಮಿತಿಯವರದೂ ಮಾಸ್ತರರದೂ ಸಭೆ ಕೂಡಿತು. ಅಕ್ಕಾರನ್ನೂ ಕರೆಸಿದರು.

"ನಮ್ಮ ಮನಿ ಮಾತು ಹೊರಗ ಹಾಕಸಾಕ ಬರತೀರೇನ್ರಿ ನೀವು?" ಎಂದು ಆ ಹುಡುಗಿಯ ತಂದೆ ಮೇಜು ಗುದ್ದಿದರು. "ಸಾಲಿಗೆ ಹುಚ್ಚರ ದವಾಖಾನಿ ಅಂತ ಹೆಸರು ಬಂದೈತಿ. ನಾಳೆ ಈ ಹುಡುಗ್ಯಾರನ್ನ ಯಾರು ಲಗ್ನ ಮಾಡಿಕೋತಾರ? ಇಷ್ಟು ದಿನಾ ಬಂದೀರಲ್ಲ, ನಿಮ್ಮಿಂದ ಚೊಲೊ ಆದ ಒಂದ ಮನಿ ಹೆಸರ ಹೇಳ್ರಿ ನೋಡೋಣು. ಒಂದ!"

ಕೋಣೆಯಲ್ಲಿ ಇಪ್ಪತ್ತು ಜನರಿದ್ದೆವು. ನಾನು ಅಕ್ಕಾರಿಂದ ಮೂರು ಕುರ್ಚಿ ಆಚೆ ಕೂತಿದ್ದೆ. ಅವರು ತಲೆ ಎತ್ತಿದರು. ಎಂದಿನಂತೆ, ಯಾರನ್ನು ನೋಡುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ನಾನು ಹಾಜರಿ ಪುಸ್ತಕವನ್ನು ತೆರೆದು ಅದರಲ್ಲಿ ಏನೋ ಹುಡುಕತೊಡಗಿದೆ.

"ನನ್ನ ಕಡೆ ಬಂದವರ ಹೆಸರು ನಾ ಹೇಳೂದಿಲ್ರಿ," ಎಂದರು ಅಕ್ಕಾರು.

"ಇದ್ರ ಅಲ್ಲೇನ್ರಿ ಹೇಳಾಕ!" ಎಂದು ಯಾರೋ ನಕ್ಕರು. ಅವರು ಬರುವುದು ಬೇಡವೆಂದು ಠರಾವಾಯಿತು. ಸಹಿಯ ಹಾಳೆ ಸುತ್ತಿ ನನ್ನ ಹತ್ತಿರ ಬಂತು. ನಾನೂ ಸಹಿ ಮಾಡಿದೆ. ಅಕ್ಕಾರು ತಮ್ಮ ಚೀಲ ಎತ್ತಿಕೊಂಡು, "ಆ ಹುಡುಗೀನ್ನ ಬಡೀಬ್ಯಾಡ್ರಿ. ಅಷ್ಟ ನನ್ನ ವಿನಂತಿ," ಎಂದು ತಂದೆಗೆ ಕೈಮುಗಿದು ಹೊರಟರು.

ಮುಂದಿನ ಗುರುವಾರ ಆ ಐದನೇ ತರಗತಿಯ ಹುಡುಗಿ ಗ್ರಂಥಾಲಯದ ಬಾಗಿಲಿಗೆ ಒರಗಿ ನಿಂತಿದ್ದಳು. "ಸರ, ಅಕ್ಕಾರು ಬರೂದಿಲ್ಲೇನ್ರಿ?" ಎಂದು ಕೇಳಿದಳು. "ಕ್ಲಾಸಿಗೆ ನಡಿ," ಎಂದೆ.

ವರ್ಷದ ಮೇಲೆ ದೊಡವಾಡದ ಬಸ್ಸಿನಲ್ಲಿ ಅಕ್ಕಾರು ಸಿಕ್ಕರು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ಮೊದಲು ಮಗಳನ್ನು ಕೇಳಿದರು. ಉಣ್ಣುತ್ತಾಳೋ, ನಗುತ್ತಾಳೋ, ಹರಳಿನ ಆಟದಲ್ಲಿ ನಿಮ್ಮನ್ನು ಈಗಲೂ ಸೋಲಿಸುತ್ತಾಳೋ. ನನಗೆ ತಡೆಯಲಾಗಲಿಲ್ಲ. "ಆವತ್ತ ಸಭಾದಾಗ ನೀವು ನನ್ನ ಹೆಸರ ಹೇಳಿದ್ರ ಎಲ್ಲಾ ಬದಲ ಆಕ್ಕಿತ್ತಲ್ರಿ ಅಕ್ಕಾರ," ಎಂದೆ. ತಪ್ಪನ್ನು ಅವರ ಮಡಿಲಿಗೇ ಹಾಕಿದ್ದೆ ಎಂದು ಆಡಿದ ಮೇಲೆ ಹೊಳೆಯಿತು.

ಅವರು ಬೇಸರಿಸಲಿಲ್ಲ. "ಹೇಳೂದಿಲ್ಲಂತ ನಾ ಮಾತ ಕೊಟ್ಟಿದ್ನಿ ಸರ. ನೀವು ಯಾರಿಗೂ ಕೊಟ್ಟಿರಲಿಲ್ಲಲ್ರಿ?" ಎಂದರು. ಬಸ್ಸು ಊರು ದಾಟುವುದರೊಳಗೆ ನಿದ್ದೆ ಹೋಗಿದ್ದರು. ನಾನು ಇಳಿಯುವವರೆಗೂ ಅಲುಗದೆ ಕೂತಿದ್ದೆ.

ಕಳೆದ ವರ್ಷ ಅಕ್ಕಾರು ತೀರಿಕೊಂಡರು. ಹೊಟ್ಟೆಯ ಬೇನೆ, ಬಹಳ ದಿನ ಯಾರಿಗೂ ಹೇಳಿರಲಿಲ್ಲವಂತೆ. ಬೈಲಹೊಂಗಲದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಕಾಲೇಜಿಗೆ ಹೋಗುವ ಮಗಳನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಈ ಸಲ ಹೇಳಿಯೇಬಿಡಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನ್ನ ಸರದಿ ಬಂದಾಗ ಎದ್ದು ನಿಂತೆ. ಮೊದಲ ಸಾಲಿನಲ್ಲಿ ಪರಿಚಯದ ಇಬ್ಬರು ಮುಖ್ಯಾಧ್ಯಾಪಕರು ಕೂತಿದ್ದರು. "ಅವರ ಸೇವೆ ನಮ್ಮ ಭಾಗದ ಶಾಲೆಗಳಿಗೆ ಅಪಾರವಾದದ್ದು," ಎಂದು ಶುರುಮಾಡಿ, ಅದೇ ಧಾಟಿಯಲ್ಲಿ ಐದು ಮಿನಿಟು ಮಾತಾಡಿ ಕೂತೆ. ಚಪ್ಪಾಳೆಯೂ ಬಿತ್ತು.

ಆಗ ಮಗಳು ಎದ್ದಳು. ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

"ನಾ ಏಳನೇತ್ತೆ ಇದ್ದಾಗ ಮಾತಾಡೂದು ಬಿಟ್ಟಿದ್ನಿ," ಎಂದಳು. "ತಲಿಕೂದಲಾ ಕಿತ್ಕೋತಿದ್ನಿ. ಸಾಲ್ಯಾಗ ಒಬ್ಬರು ಎಲ್ಲಾರ ಮುಂದ ನನ್ನ ಹೊಡದಿದ್ರು. ಅಕ್ಕಾರು ಮಾತಾಡು ಅಂತ ಒಂದ ದಿನಾನೂ ಅನಲಿಲ್ಲ. ನಾ ಮಾತಾಡೂಮಟಾ ಕಾದ್ರು. ಇವತ್ತ ನಿಮ್ಮ ಮುಂದ ನಿಂತು ಮಾತಾಡಾಕತ್ತೇನಿ. ಅಷ್ಟ ಹೇಳೂದಿತ್ತು."

'ಒಬ್ಬರು' ಎಂದಳು. ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಿಂದಿನ ಸಾಲಿನವರು ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟು, "ಎಂಥಾ ಮಗಳನ್ನ ಬೆಳಸೀರಿ ಸರ!" ಎಂದರು. ನಾನು ಅವರಿಗೆ ಕೈಮುಗಿದೆ.

ಹೊಡೆದವನು ನಾನು. ಸಭೆಯಲ್ಲಿ ಹಾಜರಿ ಪುಸ್ತಕ ತಿರುವುತ್ತ ಕೂತವನು, ಠರಾವಿಗೆ ಸಹಿ ಮಾಡಿದವನು ನಾನು. ಎದ್ದುನಿಂತು ಹೇಳಲಾಗದ್ದನ್ನು ಕೂತು ಬರೆದಿದ್ದೇನೆ. ಬರೆದದ್ದನ್ನು ಮೊದಲು ಮಗಳ ಕೈಗೆ ಕೊಟ್ಟೆ. ಕೊನೆಯವರೆಗೂ ಓದಿದಳು, ಹಾಳೆಗಳನ್ನು ಸರಿಯಾಗಿ ಜೋಡಿಸಿ ನನಗೇ ವಾಪಸು ಕೊಟ್ಟಳು.

"ಕೆಳಗ ನಿನ್ನ ಹೆಸರ ಹಾಕ್ತೀ ಅಲ್ಲಪಾ?" ಎಂದಳು.

"ಹಾಕ್ತೇನವ್ವಾ," ಎಂದೆ.